ಎಂಟಕ್ಷರದ ಪ್ರೇಮಕ್ಕ

ಪ್ರೇಮಕ್ಕ ಕಂಪ್ಯೂಟರಿನ ಮುಂದೆ ಕುಳಿತದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಉಳಿದ ದಿನವೆಲ್ಲ ನಿಂತೇ ಟೈಪ್ ಮಾಡುತ್ತಿದ್ದರು, ಒಂದು ಕಾಲು ಬಾಗಿಲ ಕಡೆಗೆ. ಕುರ್ಚಿಯ ಮೇಲೆ ಅವರ ಚೀಲ ಕುಳಿತಿರುತ್ತಿತ್ತು. “ಕುಂತ್ರೆ ಕೈ ಓಡೂದಿಲ್ಲ ತಮಾ,” ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವೆ ಅಂಕೋಲೆಯ ಒಂದು ಮುದ್ರಣಾಲಯದಲ್ಲಿ ನಾನು ಕರಡು ತಿದ್ದುತ್ತಿದ್ದೆ. ಸ್ಕ್ಯಾನರ್ ಇದ್ದದ್ದು ಕಾರವಾರದಲ್ಲಿ. ಪ್ರೇಮಕ್ಕ ಅಲ್ಲಿಯವರು; ಬೆಳಗಿನ ಬಸ್ಸಿನಲ್ಲಿ ಊಟದ ಡಬ್ಬಿಯ ಜೊತೆ ಫ್ಲಾಪಿಗಳನ್ನೂ ತರುತ್ತಿದ್ದರು. ಅಲ್ಲಿಂದ ಬರುವ ಫೋಟೋಗಳೆಲ್ಲ ಟಿಫ್ ಎಂಬ ಬಗೆಯ ಫೈಲುಗಳು. ನಮ್ಮ ಪುಟ ಕಟ್ಟುವ ಪ್ರೋಗ್ರಾಮಿಗೆ ಪಿಸಿಎಕ್ಸ್ ಬಿಟ್ಟು ಬೇರೆ ಸೇರದು. ಒಂದನ್ನು ಇನ್ನೊಂದಾಗಿಸಲು ಪ್ರೇಮಕ್ಕ ಕಪ್ಪು ತೆರೆಯ ಮೇಲೆ ಒಂದು ಸಾಲು ಆಜ್ಞೆ ಹೊಡೆದು, ಉಗುರು ಕಚ್ಚುತ್ತ ಕಾಯುವರು. “ಆಳು ಅದೇ, ವೇಷ ಬೇರೆ. ಹಳೇ ವೇಷ ಇಟ್ಕಂಡು ಎಂತಾ ಮಾಡೂದು?” ಎಂದು ಫ್ಲಾಪಿಯಲ್ಲಿದ್ದ ಟಿಫನ್ನು ಅಳಿಸಿಬಿಡುವರು. ನಾನು ಸಾವಕಾಶ ಎಂದರೆ ಸಿಟ್ಟು.

ಆಗ ಫೈಲಿನ ಹೆಸರು ಇಂಗ್ಲಿಷಿನ ಎಂಟು ಅಕ್ಷರ ಮೀರುವಂತಿರಲಿಲ್ಲ. ಮೀರಿದರೆ ಯಂತ್ರ ಹೇಳದೆ ಕೇಳದೆ ಬಾಲ ಕತ್ತರಿಸುತ್ತಿತ್ತು. “ನನ್ ಹೆಸ್ರು ನೋಡು, ಸರೀ ಎಂಟು,” ಎಂದು ಜಂಬ ಬೇರೆ.

ಒಂದು ವಾರ ಎರಡು ಕೆಲಸ ಬಂದವು. ಒಂದು, ಸುಬ್ರಾಯ ನಾಯಕ ಮಾಸ್ತರರ ನಿವೃತ್ತಿಯ ಸನ್ಮಾನ ಪತ್ರಿಕೆ. ಇನ್ನೊಂದು, ತೀರಿಕೊಂಡ ಸುಂಕಸಾಳದ ಸುಬ್ರಾಯ ನಾಯ್ಕರ ಹನ್ನೆರಡನೇ ದಿನದ ಊಟದ ಕಾರ್ಡು. ನಾಯಕರೂ ನಾಯ್ಕರೂ ಓಣಿಗೊಬ್ಬರಂತೆ ಇರುವ ಊರು ನಮ್ಮದು. ಎಂಟಕ್ಷರಕ್ಕೆ ಕತ್ತರಿಸಿದರೆ ಇಬ್ಬರೂ SUBRAYNA. ಮಾಸ್ತರರ ಫೋಟೋ ನಾಯ್ಕರ ಫೋಟೋದ ಮೇಲೆ ಕುಳಿತು ಅದನ್ನು ಅಳಿಸಿತು. ಕರಡು ನೋಡಿದವನು ನಾನೇ. ಅಕ್ಷರ ನೋಡಿದೆ, ಮುಖ ನೋಡಲಿಲ್ಲ.

ಮರುದಿನ ನಾಯ್ಕರ ಹೆಂಡತಿ ಕಾರ್ಡು ಹಿಡಿದು ಬಂದರು. ಬೈಯಲಿಲ್ಲ.

“ಇವ್ರು ನಮ್ಮವ್ರಲ್ಲ ಅಕ್ಕಾ.”

“ಅರೇ ದೇವಾ! ಮನೆಲಿ ಫೋಟೋ ಅದ್ಯಲಾ? ತನ್ನಿ, ಈಗ್ಲೇ ಕಾರವಾರಕ್ಕೆ ಓಡ್ತೆ.”

“ಗಾಜಿಗೆ ಅಂಟಿತ್ತು. ಇಲ್ಲಿ ತರೂಕಂತ ಬಿಡಿಸೂಕೆ ಹೋದೆ, ಮುಖಾನೇ ಹರ್ದೋಯ್ತು. ಇದ್ದದ್ದು ಅದೊಂದೇ.”

ಪ್ರೇಮಕ್ಕ ಬಾಗಿಲವರೆಗೆ ಹೋದರು, ಬಂದರು, ಮತ್ತೆ ಹೋದರು. ಆಮೇಲೆ ಚೀಲ ಸುರುವಿ ನಾಯ್ಕರ ಫೋಟೋ ಬಂದಿದ್ದ ಫ್ಲಾಪಿ ಹುಡುಕಿದರು. ಪುಣ್ಯಕ್ಕೆ ಅದರ ಮೇಲೆ ಬೇರೇನೂ ಬರೆದಿರಲಿಲ್ಲ. ಅಳಿಸಿದ್ದನ್ನು ಮರಳಿಸುವ ಆಜ್ಞೆ ಕೊಟ್ಟರು. ತೆರೆಯ ಮೇಲೆ ?UBRAYNA ಎಂದು ಬಂತು. ಅಳಿಸಿದಾಗ ಯಂತ್ರ ಹೆಸರಿನ ಮೊದಲ ಅಕ್ಷರವನ್ನು ಮರೆಯುತ್ತದೆ. ಅದನ್ನು ನಾವೇ ಹೇಳಿಕೊಡಬೇಕು. ಎಸ್ ಒತ್ತುವ ಮೊದಲು ಪ್ರೇಮಕ್ಕ ಕುರ್ಚಿ ಎಳೆದು ಕುಳಿತರು. ಆಮೇಲೆ ಒತ್ತಿದರು.

ಮೇಲಿಂದ ಒಂದೊಂದೇ ಗೆರೆಯಾಗಿ ಚಿತ್ರ ಇಳಿಯಿತು. ಬೋಳು ಹಣೆ, ಹುಬ್ಬು, ಮೀಸೆ. “ಇವ್ರೇ,” ಎಂದರು ಆ ಹೆಂಗಸು, ಸೆರಗಿನಿಂದ ತೆರೆಯನ್ನು ಒರೆಸುತ್ತ. ಆಮೇಲೆ ಮೂವರೂ ಅತ್ತೆವು, ಸುಳ್ಳೇಕೆ ಹೇಳಲಿ.

ನಾಯಕ ಮಾಸ್ತರರು ವಿಷಯ ತಿಳಿದು, “ನನ್ ಊಟಕ್ಕೆ ನಂಗೇ ಹೇಳ್ಕೆ ಇಲ್ವನಾ?” ಎಂದು ಆಮಂತ್ರಣ ಕೇಳಿ ಬಹಳ ದಿನ ಕಾಡಿದರು. ಪ್ರೇಮಕ್ಕ ಮಾತ್ರ ಆಮೇಲೆ ಒಂದು ಟಿಫನ್ನೂ ಅಳಿಸಲಿಲ್ಲ. ನಿಂತೇ ಇದ್ದರು, ಆದರೆ ಅಳಿಸಲಿಲ್ಲ.

ಉದ್ದ ಹೆಸರು ಒಪ್ಪುವ ಹೊಸ ಕಂಪ್ಯೂಟರ್ ಬಂದ ವರ್ಷ ಅವರು ಕೆಲಸ ಬಿಟ್ಟರು. ಕೊನೆಗೆ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಬೆಂಚು ಖಾಲಿ ಇದ್ದರೂ ನಿಂತಿದ್ದರು. “ಬರ್ತೆ ತಮಾ,” ಎಂದು ಓಡಿ ಕಾರವಾರದ ಬಸ್ಸು ಹತ್ತಿದರು. ಅವರು ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಹನ್ನೆರಡನೇ ದಿನವೂ ಕಳೆದ ಮೇಲೆ.

ಅವರ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಹಳೆಯ ಫ್ಲಾಪಿಗಳನ್ನೆಲ್ಲ ಹಾಕಿ, ಅಳಿಸಿದ್ದನ್ನು ಮರಳಿಸುವ ಆಜ್ಞೆ ಕೊಟ್ಟು ನೋಡಿದೆ. ಯಂತ್ರ ಎಲ್ಲಾದರೂ ಮೊದಲ ಅಕ್ಷರ ಕೇಳೀತೆಂದು ಪಿ ಕೀಲಿಯ ಮೇಲೆ ಬೆರಳಿಟ್ಟು, ನಿಂತೇ ಕಾದೆ.