ಹೊಲಿಗೆ ಬಿಚ್ಚುವ ಕೊಕ್ಕೆ

ನನ್ನ ಹೊಲಿಗೆ ಯಂತ್ರದ ಡ್ರಾಯರಿನ ತಳದಲ್ಲಿ, ಗುಂಡಿಗಳ ಡಬ್ಬಿಯ ಹಿಂದೆ, ಹೊಲಿಗೆ ಬಿಚ್ಚುವ ಪುಟ್ಟದೊಂದು ಕೊಕ್ಕೆಯಿತ್ತು. ಕತ್ತರಿ, ಟೇಪುಗಳು ಮೇಜಿನ ಮೇಲೆ ಮೆರೆಯುವಾಗ ಅದನ್ನು ಮಾತ್ರ ಏಕೆ ಬಚ್ಚಿಟ್ಟೆ ಎನ್ನುತ್ತೀರಾ? ಗಿರಾಕಿಯ ಕಣ್ಣಿಗೆ ಬಿದ್ದರೆ ಬಿಚ್ಚಿಸುವ ಆಸೆ ಹುಟ್ಟುತ್ತದೆ, ಸ್ವಾಮಿ! ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಈ ಮನೆಯ ಮುಂಗೋಣೆಯಲ್ಲಿ ಒಂದೇ ಯಂತ್ರದಿಂದ ವ್ಯಾಪಾರ ಕಟ್ಟಿದವಳು ನಾನು. ಬ್ಲೌಸು ಬಿಗಿಯೆಂದು ಬಂದವರನ್ನೆಲ್ಲ "ಎರಡು ಸಲ ಒಗೀರಿ, ಸರಿಹೋಗುತ್ತೆ" ಎಂದು ನಗುನಗುತ್ತಲೇ ಸಾಗಹಾಕುವುದು ನನ್ನ ಹಳೆಯ ವಿದ್ಯೆ.

ಈಚೆಗೆ ಪಕ್ಕದ ಬೀದಿಯ ಸವಿತಾ, ಇಲ್ಲಿ ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಹತ್ತಿರ ಹೋಗಲು ಜೊತೆಗೆ ಕರೆದಳು. ಗರ್ಭ ನಿಲ್ಲದಿರಲೆಂದು ತೋಳಿನ ಚರ್ಮದಡಿ ಬೆಂಕಿಕಡ್ಡಿಯಷ್ಟುದ್ದದ ಹಾರ್ಮೋನಿನ ಕಡ್ಡಿ ಹಾಕಿಸಿಕೊಂಡಿದ್ದಳು. ಅಂದಿನಿಂದ ಏಳು ತಿಂಗಳು, ನಿಂತಿತೆನ್ನುವಷ್ಟರಲ್ಲಿ ಮತ್ತೆ ರಕ್ತಸ್ರಾವ. ಆಫೀಸಿನ ಕುರ್ಚಿಯಿಂದ ಏಳಲೂ ಹೆದರಿಕೆ. ದೇವರ ಮುಂದೆ ದೀಪ ಹಚ್ಚಿ ಎಷ್ಟು ದಿನವಾಯಿತೋ. ತೆಗೆಸಲೆಂದು ಎರಡು ಸಲ ಹೋದವಳು ಎರಡು ಸಲವೂ ಇನ್ನಷ್ಟು ದಿನ ನೋಡು ಎನ್ನಿಸಿಕೊಂಡು ಹಾಗೇ ಮರಳಿದ್ದಳು.

ಡಾಕ್ಟರು ಧಾರವಾಡದವರು, ನನ್ನ ಗಿರಾಕಿಯೇ. "ಇದು ಭಾಳ ಚಲೋ ಅದವಾ, ದಿನಾ ಗುಳಿಗಿ ನೆನಪಿಡೋ ತಾಪತ್ರಯ ಇಲ್ಲ. ಇನ್ನೊಂದು ಮೂರು ತಿಂಗಳು ನೋಡು, ಸರಿಹೋಗ್ತದ" ಎಂದರು.

ನನಗೆ ಬಾಯಿ ತಡೆಯಲಾಗಲಿಲ್ಲ. "ಡಾಕ್ಟ್ರೇ, ಅದು ನನ್ನ ಡೈಲಾಗು! ನಿಮ್ಮ ಹಸಿರು ಬ್ಲೌಸಿಗೆ ನಾನು ಹೇಳಿದ್ದು."

ಅವರು ನಕ್ಕರು. "ಆ ಬ್ಲೌಸ್ ಇನ್ನೂ ಬಿಗೀನ ಅದರೀ ಅಕ್ಕಾರ. ನಾಕು ಸಲ ಒಗದೀನಿ." ಅಂದವರೇ, ತಮ್ಮ ಮಾತು ತಮಗೇ ತಿರುಗಿ ಕೇಳಿಸಿದಂತೆ ಕೀಬೋರ್ಡು ಪಕ್ಕಕ್ಕೆ ಸರಿಸಿದರು. ಕಂಪ್ಯೂಟರಿನಿಂದ ಕಣ್ಣು ತೆಗೆದು ಸವಿತಾಳತ್ತ ತಿರುಗಿ ಕೇಳಿದರು: "ನಿನಗೇನ ಬೇಕವಾ?"

"ತೆಗೆದ್ಬಿಡಿ ಮೇಡಂ. ಸಾಕಾಗಿದೆ."

"ಮಂಗಳವಾರ ಬಾ."

ಅವರೇನೂ ಕೆಟ್ಟವರಲ್ಲ. ಬೇಡದ ಬಸಿರಿನ ಅಳು ಕೇಳಿ ಕೇಳಿ ತುಂಬಿದ ಕಿವಿಗೆ ಬೇಡದ ಕಡ್ಡಿಯ ಗೋಳು ಸಣ್ಣದಾಗಿ ಕೇಳಿಸಿರಬೇಕು. ತಮ್ಮ ಸರಕನ್ನು ತಾವೇ ಮೆಚ್ಚಿಕೊಂಡವರಿಗೆಲ್ಲ ಬರುವ ಕಿವುಡು ಅದು; ನನಗೂ ಇದೆ. ಆದ್ದರಿಂದ ನನ್ನದೊಂದು ಸಲಹೆ: ಕಡ್ಡಿ ಹಾಕಿಸಿಕೊಳ್ಳುವ ದಿನವೇ, ತೋಳು ಚಾಚುವ ಮುಂಚೆ, "ಬೇಡವೆನಿಸಿದರೆ ಯಾರು ತೆಗೀತೀರಿ, ಎಷ್ಟು ದಿನದೊಳಗೆ?" ಎಂದು ಕೇಳಿಬಿಡಿ. ಚೌಕಾಸಿಗೆ ಅದೇ ಸರಿಯಾದ ಗಳಿಗೆ. ಆಮೇಲೆ ಸರಕು ನಿಮ್ಮ ಮೈಯೊಳಗೇ ಇರುತ್ತದೆ.

ಮಂಗಳವಾರ ಸವಿತಾ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಹಗುರಾಗಿ ಬಂದಳು. ಶನಿವಾರ ಡಾಕ್ಟರು ಹಸಿರು ಬ್ಲೌಸು ತಂದರು. ಒಗೆಯಿರಿ ಎನ್ನಲು ನಾಲಿಗೆ ಹೊರಳಲಿಲ್ಲ. ಡ್ರಾಯರಿನ ತಳ ತಡಕಿದೆ. ಕೊಕ್ಕೆ ಈಗ ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲೇ ಇದೆ. ಬಿಚ್ಚಿ ಹೇಳಬೇಕೆಂದರೆ, ಗಿರಾಕಿಗಳೇನೂ ಕಡಿಮೆಯಾಗಿಲ್ಲ.