ಸುಲಭದ ಪತ್ರಿಕೆ ಮತ್ತು ಹುಳದ ಮನೆಯ ಬಾಗಿಲು

ಪದವಿಯ ಕೊನೆಯ ವರ್ಷಕ್ಕೆ ಬಂದ ನಮ್ಮ ಕಡೆಯ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ಯಾವ್ ಪೇಪರ್ ತಗೊಂಡ್ರೆ ಮಾರ್ಕ್ಸ್ ಬರುತ್ತೆ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ನಾನೂ ಅದೇ ಪ್ರಶ್ನೆ ಹಿಡಿದುಕೊಂಡು ಹಿರಿಯರ ಹಿಂದೆ ಅಲೆದವಳು. ಆದರೆ ಉತ್ತರ ಹೇಳಲು ಬಾಯಿ ತೆರೆದಾಗಲೆಲ್ಲ ನನ್ನ ಮೂಗಿಗೆ ಫಾರ್ಮಲಿನ್ ವಾಸನೆ ಬರುತ್ತದೆ. "ಯೋಚನೆ ಮಾಡಿ ಹೇಳ್ತೀನಿ" ಎಂದು ಫೋನ್ ಇಡುತ್ತೇನೆ.

ನಾನು ಕೋಲಾರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದಿದೆ. ದಿನವೂ ಸುಗಟೂರಿನಿಂದ ಬಸ್ಸು. ಎರಡು ವರ್ಷ ಒಳ್ಳೆಯ ಅಂಕ ಬಂದಿದ್ದವು. ಎಂ.ಎಸ್ಸಿ. ಜೀವರಸಾಯನಶಾಸ್ತ್ರಕ್ಕೆ ಸೇರಬೇಕೆಂಬುದೊಂದೇ ಆಸೆ. ಆ ಸೀಟು ಸಿಗುವುದು ಅಂಕದ ಮೇಲೆ, ಅಂಕವೆಂದರೆ ಒಟ್ಟು ಅಂಕ. ಕೊನೆಯ ವರ್ಷದ ಭೌತ ರಸಾಯನಶಾಸ್ತ್ರ ಎಲ್ಲರಿಗೂ ಕಡ್ಡಾಯ, ಎಲ್ಲರಿಗೂ ಭಯ. ಅದರಲ್ಲಿ ಹೋಗುವ ಅಂಕವನ್ನು ಎಲ್ಲಿಂದಾದರೂ ತುಂಬಿಕೊಳ್ಳಬೇಕಿತ್ತು. ಹೆಚ್ಚುವರಿಯಾಗಿ ಆರಿಸಿಕೊಳ್ಳುವ ಒಂದು ಪತ್ರಿಕೆಗೆ ಮೂರು ಆಯ್ಕೆಗಳಿದ್ದವು. ನನಗೆ ಇಷ್ಟವಿದ್ದದ್ದು ಕಿಣ್ವಗಳ ಬಗೆಗಿನ ಪತ್ರಿಕೆ. ನಾನು ಆರಿಸಿಕೊಂಡದ್ದು ರೇಷ್ಮೆ ಕೃಷಿ.

ಕಾರಣ ಸರಳ. ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಹುಳ ಸಾಕುತ್ತಾರೆ. ಸೊಪ್ಪು ಹಾಕುವುದು, ತಟ್ಟೆ ಬದಲಿಸುವುದು, ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುವುದು ನನಗೆ ಓದಿ ತಿಳಿಯಬೇಕಾದ ವಿಷಯವೇ ಅಲ್ಲ. ಓದದೆ ಅಂಕ ಬರುವ ಪತ್ರಿಕೆ ಇನ್ನೆಲ್ಲಿ ಸಿಗುತ್ತದೆ?

ನನ್ನ ಗೆಳತಿ ಯಲ್ದೂರು ಕಡೆಯವಳು. ಅವರದು ಮಾವಿನ ತೋಟ. ರೇಷ್ಮೆ ಹುಳವನ್ನು ಅವಳು ಕೈಯಲ್ಲಿ ಮುಟ್ಟಿದವಳೇ ಅಲ್ಲ. ಆಯ್ಕೆಯ ಅರ್ಜಿ ತುಂಬುವ ದಿನ ಅವಳು ಪೆನ್ನು ಹಿಡಿದುಕೊಂಡು ಕೂತಿದ್ದಳು.

"ನಂಗ್ ಹುಳ ಅಂದ್ರೆ ಮೈಯೆಲ್ಲಾ ಜುಮ್ ಅಂತೈತೆ ಕಣೇ."

"ಹುಳ ಏನ್ ನಿನ್ನ ಕಚ್ಚುತ್ತೇನೇ? ನಾನಿದ್ದೀನಿ ಬಾರೇ. ಪ್ರಾಕ್ಟಿಕಲ್ ನಾನ್ ನೋಡ್ಕೋತೀನಿ, ರೆಕಾರ್ಡ್ ನೀನ್ ಬರಿ."

"ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ನಿಮ್ಮನೆ ಹುಳಕ್ಕೆಲ್ಲಾ ಮಾವಿನ ಸೊಪ್ಪು ಹಾಕ್ತೀನಿ ನೋಡು," ಎಂದು ನಕ್ಕು ಬರೆದಳು.

ತರಗತಿಗಳು ಶುರುವಾದ ಮೇಲೆ ನನ್ನ ಉಪಾಯ ಚೆನ್ನಾಗಿಯೇ ನಡೆಯಿತು. ರೇಷ್ಮೆಯ ಪಾಠದ ಗಂಟೆಗಳಲ್ಲಿ ಹಾಜರಿಗೆ ಬೇಕಾದಷ್ಟಕ್ಕೆ ಮಾತ್ರ ಹೋಗುತ್ತಿದ್ದೆ. ಉಳಿದ ಗಂಟೆಗಳಲ್ಲಿ ಗ್ರಂಥಾಲಯದಲ್ಲಿ ಕೂತು ಭೌತ ರಸಾಯನಶಾಸ್ತ್ರದ ಲೆಕ್ಕ ಬಿಡಿಸುತ್ತಿದ್ದೆ. ಹುಳದ ಮನೆಯನ್ನು ಔಷಧಿ ಹೊಡೆದು ಶುದ್ಧ ಮಾಡುವ ಪಾಠದ ದಿನವೂ ಹಾಗೆಯೇ ಮಾಡಿದೆ. ಅದನ್ನು ನನಗೆ ಯಾರು ಹೇಳಿಕೊಡಬೇಕು? ಪ್ರತಿ ಬೆಳೆಗೂ ಮುಂಚೆ ನಮ್ಮಪ್ಪ ಪಂಪನ್ನು ಬೆನ್ನಿಗೆ ಹಾಕಿಕೊಂಡು ಒಬ್ಬರೇ ಒಳಗೆ ಹೋಗುತ್ತಾರೆ. ಹಿಂದಿನ ಗೋಡೆಯಿಂದ ಹೊಡೆಯುತ್ತಾ ಹಿಮ್ಮೆಟ್ಟಿಕೊಂಡೇ ಬಾಗಿಲಿಗೆ ಬರುತ್ತಾರೆ. ಅವರು ಹೊಸಲು ದಾಟಿದ ಕ್ಷಣವೇ ಅಮ್ಮ ಬಾಗಿಲು ಎಳೆದು ಚಿಲಕ ಹಾಕುತ್ತಾರೆ. ತಡಮಾಡಿದರೆ ಔಷಧಿಯ ಗಾಳಿ ಆಚೆ ಹೋಗಿ ಖರ್ಚು ದಂಡ. ಆಮೇಲೆ ಸಂದುಗಳಿಗೆ ಮೈದಾ ಅಂಟಿನಲ್ಲಿ ಕಾಗದದ ಪಟ್ಟಿ ಅಂಟಿಸುವುದು ಚಿಕ್ಕಂದಿನಿಂದ ನನ್ನ ಕೆಲಸ.

ಕಾಲೇಜಿನ ಹಿಂದಿನ ಹುಳದ ಮನೆ ಒಂದೇ ಕೋಣೆ, ಒಂದೇ ಕಿಟಕಿ. ಔಷಧಿ ಹೊಡೆಯುವ ದಿನ ನಾವು ಮೂವರಿದ್ದೆವು: ನಾನು, ಗೆಳತಿ, ಮಾಸ್ತಿ ಕಡೆಯ ಇನ್ನೊಬ್ಬ ಸಹಪಾಠಿ. ರೇಷ್ಮೆಯ ಪಾಠ ಮಾಡುವ ಮೇಡಂ ಫಾರ್ಮಲಿನ್ ಔಷಧಿ ಬೆರೆಸಿಕೊಟ್ಟು, ಪ್ರಾಂಶುಪಾಲರು ಕರೆದರೆಂದು ಆಫೀಸಿಗೆ ಹೊರಟರು. "ನಾನ್ ಬರೋವರೆಗೂ ಶುರು ಮಾಡ್ಬೇಡಿ," ಎಂದು ಹೇಳಿಯೇ ಹೋದರು. ಅದೇ ಮಧ್ಯಾಹ್ನ ಭೌತ ರಸಾಯನಶಾಸ್ತ್ರದ ಕಿರುಪರೀಕ್ಷೆ ಇತ್ತು. ನಾನು ಹದಿನೈದು ನಿಮಿಷ ಕಾದೆ.

"ಬನ್ರೇ, ನಮ್ಮನೇಲಿ ನೂರ್ ಸಲ ನೋಡಿದ್ದೀನಿ," ಎಂದೆ.

ಮಾಸ್ತಿಯವಳು ಪಂಪು ಹಾಕಿಕೊಂಡಳು. ಹಿಂದಿನ ಗೋಡೆಗೆ ಒರಗಿಸಿದ್ದ ತಟ್ಟೆಗಳ ಎರಡೂ ಮೈಗೆ ಔಷಧಿ ತಾಗಬೇಕಿತ್ತು. ಅವನ್ನು ತಿರುಗಿಸಿಕೊಡಲು ಗೆಳತಿ ಒಳಗೆ ಹೋದಳು. ಹುಳದ ಮನೆಯೊಳಗೆ ಯಾರೂ ಹೊರಗಿನ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಇಬ್ಬರೂ ಬಾಗಿಲಲ್ಲಿ ಬಿಟ್ಟು ಹೋದರು. ಹೊರಗೆ ನಿಂತ ನಾನು ಕಾಗದ ಹರಿದು ಪಟ್ಟಿ ಮಾಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಪಂಪು ಹೊತ್ತವಳು ಕಣ್ಣು ಮುಚ್ಚಿಕೊಂಡು ಹೊರಗೆ ಓಡಿ ಬಂದಳು. "ಅಯ್ಯಮ್ಮಾ, ಉರಿ, ಉರಿ!" ಎಂದು ಬರಿಗಾಲಲ್ಲೇ ನಲ್ಲಿಯ ಕಡೆ ಹೋದಳು.

ಬೆನ್ನ ಮೇಲೆ ಪಂಪು ಇದ್ದವರು ಹೊಸಲು ದಾಟಿದರು. ನನ್ನ ಕೈ ಬಾಗಿಲು ಎಳೆದು ಚಿಲಕ ಹಾಕಿತು.

ಇಷ್ಟೇ ನಡೆದದ್ದು. ಯೋಚಿಸಿ ಮಾಡಿದ ಕೆಲಸವಾಗಿದ್ದರೆ ಯೋಚನೆಯಲ್ಲಿ ತಪ್ಪು ಹುಡುಕಬಹುದಿತ್ತು. ಅದು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನೋಡಿ ಕೈಗೆ ಹತ್ತಿದ ಅಭ್ಯಾಸ. ನಮ್ಮ ಮನೆಯಲ್ಲಿ ಒಳಗೆ ಹೋಗುವವರು ಒಬ್ಬರೇ. ಇಲ್ಲಿ ಇಬ್ಬರು ಹೋಗಿದ್ದರು.

ಬಾಗಿಲಿಗೆ ಆರು ಪಟ್ಟಿ ಅಂಟಿಸಿದೆ. ಕಿಟಕಿಗೆ ನಾಲ್ಕು. ಅಂಟಿಸುತ್ತಾ ಮಧ್ಯಾಹ್ನದ ಪರೀಕ್ಷೆಗೆ ಸೂತ್ರಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಆಗ ಒಂದು ಕೆಮ್ಮು ಕೇಳಿಸಿತ್ತು. ಕೇಳಿಸಿದ್ದು ನಿಜ. ನಲ್ಲಿಯ ಹತ್ತಿರ ಇದ್ದವಳು ಕೆಮ್ಮಿದಳೆಂದುಕೊಂಡೆ. ಈಗ ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿ ನೋಡಿದರೂ ಆ ಕೆಮ್ಮು ನಲ್ಲಿಯ ಕಡೆಯಿಂದ ಬರುವುದಿಲ್ಲ, ಕಿಟಕಿಯ ಒಳಗಿನಿಂದಲೇ ಬರುತ್ತದೆ. ಏಳನೇ ಪಟ್ಟಿಯ ಹೊತ್ತಿಗೆ ಬಂತೋ ಒಂಬತ್ತನೆಯದರ ಹೊತ್ತಿಗೋ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಅಂಟಿನ ಡಬ್ಬ ಎತ್ತಿಕೊಂಡು ತಿರುಗಿದಾಗ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಕಂಡವು. ಒಂದು ನಲ್ಲಿಯ ಹತ್ತಿರ ಇದ್ದವಳದು ಎಂದು ಮನಸ್ಸು ಹೇಳಿತು. ಇನ್ನೊಂದು ಯಾರದೆಂದು ಹೊಳೆಯಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು.

ಕಾಗದ ಹರಿದು, ಚಿಲಕ ತೆಗೆದು ಒಳಗೆ ನುಗ್ಗಿದೆ. ಅವಳು ಕಿಟಕಿಯ ಕೆಳಗೆ ಗೋಡೆಗೆ ಆತು ಬಿದ್ದಿದ್ದಳು. ಕನ್ನಡಕ ದೂರದಲ್ಲಿತ್ತು. ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬಂದೆ. ಅವಳ ಎದೆಯಿಂದ ಬರುತ್ತಿದ್ದ ಸದ್ದನ್ನು ಉಸಿರು ಎನ್ನಲಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು, ಅವಳು ಎಷ್ಟು ನಿಮಿಷ ಕೋಣೆಯೊಳಗಿದ್ದಳೆಂದು ಕೇಳಿದರು. ನನಗೆ ಪಟ್ಟಿಗಳ ಲೆಕ್ಕ ಗೊತ್ತಿತ್ತು, ನಿಮಿಷದ ಲೆಕ್ಕ ಗೊತ್ತಿರಲಿಲ್ಲ. ಆಮ್ಲಜನಕ ಹಾಕಿದರು. ಪ್ರಾಣಕ್ಕೆ ಭಯವಿಲ್ಲ ಎಂದರು. ಆ ಮಾತು ಕೇಳಿ ಬೆಂಚಿನ ಮೇಲೆ ಕೂತಾಗ ನನಗೆ ಮೊದಲು ಹೊಳೆದದ್ದನ್ನು ಇಲ್ಲಿ ಬರೆಯಲೇಬೇಕು: ಮಧ್ಯಾಹ್ನದ ಪರೀಕ್ಷೆ ತಪ್ಪಿತು. ಆಮೇಲೆ ಹೊಳೆದದ್ದು: ಇಂಟರ್ನಲ್ ಅಂಕ ಮೇಡಂ ಕೈಯಲ್ಲಿದೆ.

ಸಂಜೆಯ ಬಸ್ಸಿಗೆ ಅವಳ ಅಮ್ಮ ಯಲ್ದೂರಿನಿಂದ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು. "ನೀನಿದ್ದೆ ಅಂತ ನನ್ ಮಗ್ಳು ಉಳ್ಕೊಂಡ್ಳು ನಾ ತಲ್ಲೀ, ನನ್ನವ್ವಾ."

ನಾನು ಕೈ ಬಿಡಿಸಿಕೊಂಡು ಅವರಿಗೆ ಬೆಂಚು ತೋರಿಸಿದೆ.

ಕಾಗದ ಅಂಟಿಸಿದ್ದು ನಾನೆಂದು ಎಲ್ಲರಿಗೂ ಗೊತ್ತಿತ್ತು. ಚಿಲಕ ಹಾಕಿದ್ದು ಯಾರೆಂದು ಮೇಡಂ ಕೇಳಿದಾಗ ಮಾಸ್ತಿಯವಳು ಊದಿಕೊಂಡ ಕಣ್ಣನ್ನು ಒರೆಸಿಕೊಳ್ಳುತ್ತಾ, "ಗೊತ್ತಿಲ್ಲ ಮೇಡಂ, ಉರೀಲಿ ನಾನೇ ಎಳ್ಕೊಂಡ್ನೇನೋ," ಎಂದಳು. ಅವಳ ಮಾತನ್ನು ನಾನು ತಿದ್ದಲಿಲ್ಲ. ಮೇಡಂ ನನ್ನ ಭುಜ ತಟ್ಟಿದರು. "ಚಪ್ಪಲಿ ನೋಡಿ ಬಾಗಿಲು ತೆಗ್ದಿದ್ದೀಯ. ಎಲ್ಲರಿಗೂ ಆ ಬುದ್ಧಿ ಇರಲ್ಲ. ಇಂಟರ್ನಲ್ ಬಗ್ಗೆ ನೀನೇನ್ ಚಿಂತೆ ಮಾಡ್ಬೇಡ." ಮಾಸ್ತಿಯವಳ ಅಂಕದ ಬಗ್ಗೆ ಏನೂ ಹೇಳಲಿಲ್ಲ.

ಎಂಟು ದಿನವಾದ ಮೇಲೆ ಗೆಳತಿ ಕಾಲೇಜಿಗೆ ಬಂದಳು. ನಾಲ್ಕು ಮಾತಿಗೊಂದು ಕೆಮ್ಮು. ಮೆಟ್ಟಿಲ ಮೇಲೆ ಕೂತು ತಿಂಡಿಯ ಡಬ್ಬಿ ತೆರೆದೆವು. ಚಿಲಕ ಹಾಕಿದ್ದು ನಾನು ಎಂದು ಹೇಳಿದೆ.

"ಗೊತ್ತು ಕಣೇ," ಎಂದಳು.

"ಹೆಂಗೆ?"

"ಅವ್ಳು ಉರಿ ಉರಿ ಅಂತ ನಲ್ಲಿ ಕಡೆ ಓಡಿದ್ಮೇಲೆ ಚಿಲಕ ಬಿತ್ತು, ಇನ್ಯಾರ್ ಹಾಕ್ತಾರೆ? ಬಾಗ್ಲು ಕಾಣಿಸ್ಲಿಲ್ಲ. ಕಿಟಕಿ ಸಂದೀಲಿ ಒಂಚೂರು ಬೆಳಕಿತ್ತಲ್ಲ, ಅದ್ರ ಕಡೆ ಬಂದೆ. ನೀನು ಆಚೆ ಪೇಪರ್ ಅಂಟಿಸ್ತಾ ಇದ್ದೆ. ಟೂ ಪಾಯಿಂಟ್ ತ್ರೀ ಜೀರೋ ತ್ರೀ ಬೈ ಟಿ, ಲಾಗ್..." ಎಂದು ನನ್ನ ರಾಗದಲ್ಲೇ ಹೇಳಿ ಕೆಮ್ಮಿದಳು. "ಕೂಗೋಣ ಅಂದ್ರೆ ಬಾಯಿ ಬಿಟ್ಟಷ್ಟೂ ಒಳಕ್ಕೆ ಹೋಗ್ತಿತ್ತು. ನೀನ್ ಅಂಟಿಸ್ತಾ ಇದ್ದಂಗೆ ಆ ಬೆಳಕೂ ಹೋಯ್ತು."

ನಾನು ಡಬ್ಬಿ ಮುಚ್ಚಿದೆ. "ಮೇಡಂ ಆಸ್ಪತ್ರೆಗೆ ಬಂದು ಕೇಳಿದ್ರಲ್ಲೇ. ಯಾಕ್ ಹೇಳ್ಲಿಲ್ಲ?"

ಅವಳು ನನ್ನನ್ನು ದಡ್ಡಿಯಂತೆ ನೋಡಿದಳು. "ಹೇಳಿದ್ರೆ ನಿನ್ ಮಾರ್ಕ್ಸ್ ಹೋಗ್ತಿತ್ತಲ್ಲೇ. ಆಮೇಲೆ ನಿನ್ ಎಂ.ಎಸ್ಸಿ. ಕಥೆ?"

ನನ್ನ ಅಂಕವನ್ನು ಕಾಯಲು ನಾನು ಮಾಡಿದ್ದ ಲೆಕ್ಕಗಳು ಒಂದೆರಡಲ್ಲ. ಆಮ್ಲಜನಕದ ಮುಖವಾಡದೊಳಗೆ ಮಲಗಿದ್ದವಳೂ ಅದನ್ನೇ ಕಾಯುತ್ತಿದ್ದಳೆಂಬುದು ಯಾವ ಲೆಕ್ಕದಲ್ಲೂ ಇರಲಿಲ್ಲ. ಎದ್ದು ಸೀದಾ ಮೇಡಂ ಕೋಣೆಗೆ ಹೋದೆ. ಕಾದಿದ್ದರೆ ಧೈರ್ಯ ಇಳಿದುಹೋಗುತ್ತಿತ್ತು.

ಚಿಲಕ ಹಾಕಿದ್ದು ಮಾಸ್ತಿಯವಳಲ್ಲ, ನಾನು ಎಂದೆ. ಮೇಡಂ ಬೈಯಲಿಲ್ಲ. ಹಾಜರಿ ಪುಸ್ತಕ ತೆಗೆದು, ಬೆರಳನ್ನು ನಿಧಾನಕ್ಕೆ ಇಳಿಸಿ ಒಂದು ದಿನದ ಮೇಲೆ ನಿಲ್ಲಿಸಿದರು.

"ಹೊರಗೆ ನಿಂತವರು ಒಳಗೆ ಹೋದವರನ್ನ ಎಣಿಸ್ಬೇಕು, ಎಲ್ಲರೂ ಬಂದ್ಮೇಲೇ ಚಿಲಕ ಅಂತ ಈ ದಿನದ ಪಾಠದಲ್ಲಿ ಹೇಳಿದ್ದೆ. ನೀನೆಲ್ಲಿದ್ದೆ?"

"ಲೈಬ್ರರೀಲಿ, ಮೇಡಂ."

"ನಿಂಗೆ ಬರುತ್ತೆ ಅಂತ ಬರ್ಲಿಲ್ವಾ?"

"ಹೌದು, ಮೇಡಂ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾನೂ ಅವತ್ತು ಔಷಧಿ ಬೆರೆಸಿಟ್ಟು ಹೋಗಬಾರದಿತ್ತು," ಎಂದರು. ಆಮೇಲೆ ಅಂಕಪಟ್ಟಿಯಲ್ಲಿ ಪೆನ್ಸಿಲಿನಲ್ಲಿದ್ದ ನನ್ನ ಅಂಕವನ್ನು ಅಳಿಸಿ, ಪೆನ್ನಿನಲ್ಲಿ ಬೇರೆ ಅಂಕ ಬರೆದು, ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ನೋಡಿ ಸಹಿ ಹಾಕಿದೆ.

ಆ ವರ್ಷ ಜೀವರಸಾಯನಶಾಸ್ತ್ರದ ಸೀಟು ನನಗೆ ಸಿಗಲಿಲ್ಲ. ಆಯ್ಕೆಯಾದವರ ಎರಡನೇ ಪಟ್ಟಿಯೂ ನನ್ನ ಅಂಕಕ್ಕಿಂತ ಸ್ವಲ್ಪ ಮೇಲೆಯೇ ನಿಂತಿತು. ಒಂದು ವರ್ಷ ಮನೆಯಲ್ಲಿದ್ದು, ಆಮೇಲೆ ಬೇರೆ ಕಡೆ ಸೇರಿಕೊಂಡೆ. ಆ ವರ್ಷ ಅಮ್ಮ ಎಷ್ಟು ಕರೆದರೂ ಪಟ್ಟಿ ಅಂಟಿಸಲು ಹೋಗಲಿಲ್ಲ.

ಆದರೆ ಇದೆಲ್ಲ ಆಮೇಲಿನದು. ಸಹಿ ಹಾಕಿ ಹೊರಗೆ ಬಂದಾಗ ಗೆಳತಿ ಕಂಬಕ್ಕೆ ಒರಗಿ ನಿಂತಿದ್ದಳು.

"ಎಷ್ಟಕ್ಕಿಳಿಸಿದ್ರು?"

ಹೇಳಿದೆ. ಅವಳು ಕಣ್ಣು ಮುಚ್ಚಿ, ಬೆರಳು ಮಡಿಸುತ್ತಾ ನನ್ನ ಒಟ್ಟು ಅಂಕವನ್ನು ಕೂಡಿಸತೊಡಗಿದಳು. ನಡುವೆ ಕೆಮ್ಮು ಬಂದು ಲೆಕ್ಕ ತಪ್ಪಿತು. "ತಾಳೇ," ಎಂದು ಕೈ ಅಡ್ಡ ಹಿಡಿದು, ಉಸಿರು ಹಿಂದಕ್ಕೆ ಬರುವವರೆಗೆ ನಿಂತು, ಮತ್ತೆ ಮೊದಲಿನಿಂದ ಶುರು ಮಾಡಿದಳು.