ಕಾರು ಮಾರಿದ್ದಕ್ಕೆ ಮಾವ ಕೊಟ್ಟ ಕಾರಣ

ವಿಮೆಯ ಕಂತು ಏರಿದ್ದಕ್ಕೇ ಮಾವ ಕಾರು ಮಾರಿದರು ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ನಿಶ್ಚಯವಿಲ್ಲ. ಮಾರುವ ಮಾತು ಬಂದ ಭಾನುವಾರ ಊಟಕ್ಕೆ ಕೂತಿದ್ದ ಮೂವರಲ್ಲಿ ಈಗ ಉಳಿದವರು ಅತ್ತೆ ಮತ್ತು ನಾನು. ನಮ್ಮಿಬ್ಬರ ನೆನಪು ಒಂದಕ್ಕೊಂದು ಕೂಡುವುದಿಲ್ಲ. ವಿಮೆಯ ಏಜೆಂಟನೇ ಬಂದು ವಯಸ್ಸಿನ ಮಾತು ಹೇಳಿಹೋದ ಎಂದು ನನ್ನ ನೆನಪು. ಆತನ ಮೀಸೆ ಕೂಡ ಕಣ್ಣ ಮುಂದಿದೆ. ಆ ವರ್ಷ ಯಾವ ಏಜೆಂಟನೂ ಮನೆಗೆ ಬಂದಿರಲಿಲ್ಲ ಎನ್ನುತ್ತಾರೆ ಅತ್ತೆ.

ಮಾವ ಪುಣೆಯ ಅಂಚಿನ ಭೋಸರಿಯ ಒಂದು ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವರು. ನಿವೃತ್ತಿಗೆ ಸ್ವಲ್ಪ ಮೊದಲು, ತೊಂಬತ್ತರ ದಶಕದಲ್ಲಿ, ಬೆಳಗಾವಿಯ ಷಡ್ಡಕರಿಂದ ಹಳೆಯ ಕಾರೊಂದನ್ನು ಕೊಂಡಿದ್ದರು. ನಂಬರು ಬೆಳಗಾವಿಯದೇ ಉಳಿಯಿತು. ವಿಮೆಯನ್ನೂ ಷಡ್ಡಕರೇ ಅಲ್ಲಿಂದ ಕಟ್ಟಿ ಕಳಿಸುತ್ತಿದ್ದರು. ಕರ್ನಾಟಕದ ನಂಬರು ಕಂಡರೆ ಪುಣೆಯ ಟ್ರಾಫಿಕ್ ಪೊಲೀಸರು ಸೀಟಿ ಊದುತ್ತಿದ್ದರು. ಮಾವ ಗಾಜು ಇಳಿಸಿ, ಪೊಲೀಸನಿಗಿಂತ ಶುದ್ಧ ಮರಾಠಿಯಲ್ಲಿ ಕುಶಲ ವಿಚಾರಿಸಿ ಮುಂದೆ ಹೋಗುತ್ತಿದ್ದರು.

ಮಳೆಗಾಲದ ಭಾನುವಾರಗಳಲ್ಲಿ ನಾವು ಲೋಣಾವಳಾಕ್ಕೆ ಹೋಗುತ್ತಿದ್ದೆವು. ವೈಪರ್ ಮನಸ್ಸು ಬಂದಾಗ ತಿರುಗುತ್ತಿತ್ತು. ಅದಕ್ಕೆ ಅತ್ತೆ ಹೊರಡುವ ಮುಂಚೆ, ಮಳೆನೀರು ಜಾರಲೆಂದು, ಬಟಾಟಿಯೊಂದನ್ನು ಅರ್ಧ ಕತ್ತರಿಸಿ ಗಾಜಿಗೆ ತಿಕ್ಕುತ್ತಿದ್ದರು. ಬರುವಾಗ ಚಿಕ್ಕಿಯ ಡಬ್ಬಿ ನನ್ನ ತೊಡೆಯ ಮೇಲೆ. ಮನೆಯಿದ್ದ ಪೇಠೆಯ ಗಲ್ಲಿಗೆ ಕಾರನ್ನು ಹಿಮ್ಮುಖವಾಗಿ ನುಗ್ಗಿಸುವಾಗ ಯಾರೂ ಕೈ ಮಾಡಿ ದಾರಿ ತೋರಿಸಕೂಡದು. ಅದು ಮಾವನ ಮರ್ಯಾದೆಯ ಪ್ರಶ್ನೆ.

ಹೊಸ ಶತಮಾನ ಬಂದ ಮೇಲೆ ಒಂದು ಸಂಜೆ, ವಾಕಡದ ಹತ್ತಿರ, ಎದುರಿನ ಲಾರಿಯ ದೀಪಕ್ಕೆ ಕಾರು ರಸ್ತೆ ಬಿಟ್ಟು ಜಲ್ಲಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಮಾವ ಗಾಜು ಇಳಿಸಿ ಲಾರಿಯವನನ್ನು ಬೈದರು. ಅಂದಿನಿಂದ ಅತ್ತೆಯದು ಒಂದೇ ಮಾತು: ಇನ್ನು ಗಾಡಿ ಸಾಕು. ಮಾವ ಕೇಳಿಸಿಕೊಳ್ಳಲಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡೇ ಅತ್ತೆ ಪಕ್ಕದಲ್ಲಿ ಕೂರುತ್ತಿದ್ದರು.

ಅದೇ ವರ್ಷ ಕಾರಿನ ನೋಂದಣಿ ಪುಣೆಗೆ ಬದಲಾಯಿತು. ಪೊಲೀಸರ ಕಾಟ ತಪ್ಪಿತು, ವಿಮೆ ಮಾತ್ರ ಏರಿತು. ಆ ಭಾನುವಾರ ಮಾವ ತಾಟಿನಿಂದ ತಲೆ ಎತ್ತದೆ ಹೇಳಿದರು:

"ವಯಸ್ಸಾದವರಿಗೆ ಇನ್ಶೂರನ್ಸ್ ಜಾಸ್ತಿ ಹಾಕ್ತಾರಂತ. ಮುದುಕ ಆಗಿದ್ದಕ್ಕ ನಾ ಯಾಕ ದಂಡ ಕಟ್ಟಲಿ?"

"ಹಂಗಾದ್ರ ಮಾರಿಬಿಡ್ರಿ," ಎಂದರು ಅತ್ತೆ. "ಮುಂದಿನ ವರ್ಷ ನಿಮ್ಮ ವಯಸ್ಸೇನು ಕಡಿಮಿ ಆಗೂದುಲ್ಲ."

ಕಾರು ಭೋಸರಿಯ ಹಳೆಯ ಸಹೋದ್ಯೋಗಿಯೊಬ್ಬರ ಪಾಲಾಯಿತು. ಮುಂದೆ ಎಷ್ಟೋ ದಿನ ಮಾವ ವಠಾರದಂಥ ನಮ್ಮ ವಾಡೆಯ ಕಟ್ಟೆಯ ಮೇಲೆ ಕೂತು, ಹಿರಿಯರಿಗೆ ವಿಮೆಯವರು ಮಾಡುವ ಅನ್ಯಾಯವನ್ನು ಮರಾಠಿಯಲ್ಲಿ ವಿವರಿಸುತ್ತಿದ್ದರು. ಕಾರೇ ಇಲ್ಲದ ಮುದುಕರು ಕೂಡ ಸಿಟ್ಟಾಗುತ್ತಿದ್ದರು. ಕಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ.

ಹೇಳಿದ್ದನ್ನು ಹಾಗೇ ನಂಬುವುದು ನನ್ನಿಂದಾಗದು; ವಿಶ್ವವಿದ್ಯಾಲಯ ಹಚ್ಚಿದ ಚಟ. ಆದರೂ ಈ ಒಂದನ್ನು ಅಷ್ಟು ವರ್ಷ ಹೇಗೆ ಕೆದಕದೆ ಬಿಟ್ಟಿದ್ದೆನೋ. ಕಾಗದದ ಹಿಂಬದಿಯ ಸಣ್ಣಕ್ಷರವನ್ನೂ ಬಿಡದೆ ಓದುತ್ತಿದ್ದ ಮನುಷ್ಯ ಇದರಲ್ಲಿ ಮೋಸಹೋದರೇ? ಈಚೆಗೆ ಅತ್ತೆಯನ್ನು ಕೇಳಿದೆ. ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಕಣ್ಣ ಕಾಣೂದುಲ್ಲ ಅಂತ ಅವರ ಬಾಯಿಲೆ ಅನಸಬೇಕಿತ್ತೇನಪಾ?"

ಆ ಕಾಲದ ವಿಮಾ ದರಪಟ್ಟಿಯನ್ನು ಹುಡುಕಿ ನೋಡಿದೆ. ಖಾಸಗಿ ಕಾರಿನ ದರಕ್ಕೆ ಗಾಡಿಯ ಬೆಲೆ, ಇಂಜಿನ್ನು, ಗಾಡಿಯ ವಯಸ್ಸು, ನೋಂದಣಿಯಾದ ಊರು ಲೆಕ್ಕಕ್ಕಿದ್ದವು. ಹೆಚ್ಚಿನ ದರದ ನಗರಗಳಲ್ಲಿ ಪುಣೆ ಇತ್ತು, ಬೆಳಗಾವಿ ಇರಲಿಲ್ಲ. ಮಾಲಿಕನ ವಯಸ್ಸನ್ನು ಅದು ಎಲ್ಲಿಯೂ ಕೇಳಿರಲಿಲ್ಲ.